ಐದು ಸಾಲಿಗೊಂದು ಬಿಳಿ ಎಳೆ

ಕಂತು ಒಂಬತ್ತು

“ಸಾಲು ಮುಗೀಲಿ ಅಕ್ಕೋರ,” ಎಂದರು ಮಲಿಕಾಬಿ, ಮಗ್ಗದಿಂದ ಮುಖ ತಿರುಗಿಸದೆ. “ಸಾಲು ಅರ್ಧಕ್ಕ ಬಿಟ್ಟು ಏಳೂದು ನಮ್ಮ ಮನ್ಯಾಗ ಇಲ್ಲ.”

ಗಡಿಯಾರದಲ್ಲಿ ಎರಡು ದಾಟಿತ್ತು. ಮೂರಕ್ಕೆ ಸಾಫ್ಟ್‌ವೇರಿನ ಹುಡುಗ ಹೇಮಂತ ಹುಬ್ಬಳ್ಳಿಯಿಂದ ಬರುವವನಿದ್ದ. ಬಂದವನು ಜಮಖಾನೆ ಸಂಘದ ಹಿರಿಯಳಾದ ಮಲಿಕಾಬಿಯವರ ಸಹಿ ಹಾಕಿಸಿಕೊಂಡು, ನನ್ನೆದುರು ಸ್ಟೂಲಿನ ಮೇಲಿದ್ದ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಲಿದ್ದ. ಅದು ಅವನದೇ, ಬೇಡ ಎನ್ನಲು ನಮಗೆ ಹಕ್ಕಿರಲಿಲ್ಲ. ಆದರೆ ಆರು ವರ್ಷದ ಹಿಂದೆ ಮನೆ ಬಿಟ್ಟು ಹೋದ ಇರಮ್‌ಳ ಸುಳಿವು ಎಲ್ಲಾದರೂ ಉಳಿದಿದ್ದರೆ ಅದು ಆ ಲ್ಯಾಪ್‌ಟಾಪಿನೊಳಗೇ ಇತ್ತು.

ಇರಮ್ ಮಲಿಕಾಬಿಯವರ ಒಬ್ಬಳೇ ಮಗಳು. ಹೇಮಂತನ ಸಾಫ್ಟ್‌ವೇರು ಪರದೆಯ ಮೇಲೆ ಬಿಡಿಸಿದ ಗಿಳಿಯನ್ನು ಕಂಡು, “ಇದು ನನ್ನ ಮಗ್ಗದ ಗಿಳಿ, ನಮ್ಮನ್ನ ಬಿಟ್ಟರ ಇರಮ್‌ಗಷ್ಟ ಇದು ಗೊತ್ತು” ಎಂದು ಅವರು ಹಟ ಹಿಡಿದದ್ದರಿಂದಲೇ ನಾನು ಈ ಉಸಾಬರಿಗೆ ಬಿದ್ದದ್ದು.

ನಾನು ನಂದಾ. ಊರು ಮೊರಬ, ಅನ್ನ ನವಲಗುಂದದ್ದು. ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ, ಅದಕ್ಕೇ ಎಲ್ಲರಿಗೂ ಅಕ್ಕೋರು. ಅಳಿಸಿಹೋದ ಫೋಟೊ, ಮರೆತ ಪಾಸ್‌ವರ್ಡು, ಕಳ್ಳ ಸಹಿ ಎಂದು ಹುಡುಕಿಕೊಡುತ್ತ ಹೋಗಿ ಜನ ನನ್ನನ್ನು ಪತ್ತೇದಾರಿಣಿ ಮಾಡಿ ಕೂರಿಸಿದ್ದಾರೆ. ಕಳೆದುಹೋದ ಮನುಷ್ಯರನ್ನು ನಾನು ಹುಡುಕಿದವಳಲ್ಲ. ಅದೂ ಈ ಹುಡುಗಿ ನನ್ನ ಕ್ಲಾಸಿನಲ್ಲಿಯೇ ಕೀಲಿಮಣೆಯ ಮೇಲೆ ಮೊದಲ ಬೆರಳಿಟ್ಟವಳು. ಅವಳ ಹೆಸರು ಬಂದಾಗಲೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ, ಸಿಟ್ಟನ್ನು ಎದುರಿಗಿದ್ದವರ ಮೇಲೆ ತೀರಿಸಿಕೊಳ್ಳುತ್ತೇನೆ.

ಮಗ್ಗದ ಮುಂದೆ ಮಲಿಕಾಬಿಯವರ ಬಾಜು ಕೂತಿದ್ದವಳು ಮುಮತಾಜ್. ಪಕ್ಕದ ಮನೆಯವಳು, ಇಪ್ಪತ್ತು ವರ್ಷದಿಂದ ಇದೇ ಮಗ್ಗಕ್ಕೆ ಜೊತೆಗಾತಿ. ಇಬ್ಬರೂ ನೂಲು ಹಾಯಿಸಿ ಕಬ್ಬಿಣದ ಪಂಜಾದಿಂದ ಬಡಿದು ಕೂರಿಸುವ ಸಪ್ಪಳ ನಾಲ್ಕು ಸಲ ಆಯಿತು. ಆಮೇಲೆ ಮುಮತಾಜ್ ಎದ್ದು ಚಹಾ ತಂದಳು.

ಈ ಮನೆಯಲ್ಲಿ ಯಾವತ್ತೂ ಒಂದು ಕಪ್ ಚಹಾ ಹೆಚ್ಚಿಗೆ ಆಗುತ್ತದೆ, ಸಕ್ಕರೆ ಕಡಿಮೆ ಹಾಕಿದ್ದು. ಇರಮ್ ಹಾಗೇ ಕುಡಿಯುತ್ತಿದ್ದಳು. ಕೈ ರೂಢಿ ಬಿಟ್ಟಿಲ್ಲ. ಆ ಕಪ್ಪನ್ನು ಬಂದವರಿಗೆ ಕೊಡುತ್ತಾರೆ, ಒಂದು ವಾರದಿಂದ ಬರುತ್ತಿರುವವಳು ನಾನು. ಎರಡು ಚಮಚ ಸಕ್ಕರೆ ಇಲ್ಲದೆ ಚಹಾ ಮುಟ್ಟದ ನಾನು ಅದನ್ನು ಕಮಕ್ ಕಿಮಕ್ ಎನ್ನದೆ ಕುಡಿಯುತ್ತೇನೆ.

“ಈಗ ಹೇಳ್ರಿ,” ಎಂದು ಮಲಿಕಾಬಿ ನನ್ನ ಪಕ್ಕ ಬಂದು ಕೂತರು.

ಹೇಳುವುದು ಬಹಳ ಇತ್ತು. ಹೇಮಂತನ ಸಾಫ್ಟ್‌ವೇರು ಜಮಖಾನೆಯ ಚಿತ್ತಾರವನ್ನು ಚೌಕ ಚೌಕವಾಗಿ ಬಿಡಿಸಿ, ಯಾವ ಸಾಲಿಗೆ ಯಾವ ಬಣ್ಣದ ನೂಲು ಎಂದು ತೋರಿಸುತ್ತದೆ. ಅದರ ಪ್ರತಿ ಅಕ್ಷರ ತಾನೇ ಬರೆದದ್ದು ಎಂದು ಅವನು ಸಂಘದ ಹೆಂಗಸರೆದುರು ಎದೆ ತಟ್ಟಿ ಹೇಳಿದ್ದ. ಹಾಗಂತ ಒಪ್ಪಿ, ಅದರೊಳಗಿನ ಚಿತ್ತಾರವೆಲ್ಲ ಅವನವೇ ಎಂದು ಬರೆದುಕೊಡುವ ಕಾಗದಕ್ಕೇ ಇವತ್ತು ಸಹಿ.

ಆದರೆ ಪುಣ್ಯಾತ್ಮ ಒಂದು ತಪ್ಪು ಮಾಡಿದ್ದ. ಕೋಡ್ ಬರೆದ ಲ್ಯಾಪ್‌ಟಾಪನ್ನೇ ಸಂಘದ ಬಳಕೆಗೆ ಕೊಟ್ಟಿದ್ದ. ಕೋಡ್ ಬರೆಯಲು ಬಳಸುವ ಎಡಿಟರು, ತಂದ ಸಾಮಾನು, ಕತ್ತರಿಸಿ ಬಿಸಾಕಿದ್ದು ಎಲ್ಲ ಹಾಗೇ ಇತ್ತು, ಅಡುಗೆ ಮಾಡಿದವನು ಒಲೆ ಕಟ್ಟೆ ಒರೆಸದೆ ಎದ್ದುಹೋದ ಹಾಗೆ.

“ಚಾಚಿ, ಯಾರೂ ಇಡೀ ಸಾಫ್ಟ್‌ವೇರ್ ತಾವೊಬ್ಬರ ಬರಿಯೂದಿಲ್ರಿ. ಬ್ಯಾರೇದವರು ಬರದು, ಬೇಕಾದವರು ತೊಗೋರಿ ಅಂತ ಬಿಟ್ಟಿದ್ದನ್ನ ತಂದು ಜೋಡಸ್ತಾರ. ಓಪನ್ ಸೋರ್ಸ್ ಅಂತಾರ ಅದಕ್ಕ. ಹಂಗ ಬಿಟ್ಟದ್ದರ ಜೋಡಿ ಒಂದು ಲೈಸನ್ಸ್ ಇರತೈತಿ. ಬರದವರು ಯಾರು, ಏನು ಷರತ್ತಿಗೆ ಕೊಟ್ಟಾರ ಅಂತ.”

“ಅದರಾಗ ಇರಮ್ ಹೆಸರು ಐತೇನು?”

“ಹುಡಕಾಕತ್ತೀನ್ರಿ.”

ಮುಂಜಾನೆಯಿಂದ ಹುಡುಕುತ್ತಿದ್ದೆ. ಮೊದಲು ಎಡಿಟರಿನ ಸಹಾಯದ ಪಟ್ಟಿಯೊಳಗೆ ಲೈಸನ್ಸ್ ಎಂಬ ಸಾಲು ಸಿಕ್ಕಿತೆಂದು ಹಿಗ್ಗಿ ಅರ್ಧ ತಾಸು ಓದಿದೆ. ಆಮೇಲೆ ತಿಳಿಯಿತು, ಅವು ಆ ಎಡಿಟರಿನದೇ ಲೈಸನ್ಸುಗಳು, ನಮ್ಮ ಕೋಡಿಗೂ ಅವಕ್ಕೂ ಸಂಬಂಧವಿಲ್ಲ. ಮಕ್ಕಳಿಗೆ ಹತ್ತು ಸಲ ಹೇಳಿಕೊಡುವ ಪಾಠವನ್ನು ನಾನೇ ಮರೆತದ್ದಕ್ಕೆ ನನ್ನನ್ನು ನಾನು ಚೆನ್ನಾಗಿ ಬೈದುಕೊಂಡೆ.

ಆಮೇಲೆ ಹೇಮಂತನ ಫೋಲ್ಡರು. ಎಲ್ಲಕ್ಕೂ ಮೇಲೆ ಲೈಸನ್ಸ್ ಫೈಲು, ಅದರಲ್ಲಿ ಅವನದೊಬ್ಬನದೇ ಹೆಸರು. ಅದರ ಕೆಳಗೆ ಹೊರಗಿನಿಂದ ತಂದ ತುಂಡುಗಳ ಫೋಲ್ಡರು. ಎಲ್ಲದರ ಲೈಸನ್ಸ್ ಹುಡುಕಿ ಪಟ್ಟಿ ಮಾಡು ಎಂದು ಯಂತ್ರಕ್ಕೆ ಹೇಳಿದೆ. ಇನ್ನೂರ ಹದಿನಾಲ್ಕು ತುಂಡು ಬಂದವು. ಇನ್ನೂರ ಹದಿಮೂರರ ಮುಂದೆ ಲೈಸನ್ಸಿನ ಹೆಸರಿತ್ತು, ಬರೆದವರ ಹೆಸರಿತ್ತು. ಒಂದರ ಮುಂದೆ ಮಾತ್ರ ‘ಗೊತ್ತಿಲ್ಲ’ ಎಂದು ಬಂದಿತ್ತು. ಅದರೊಳಗೆ ಲೈಸನ್ಸ್ ಫೈಲು ಇತ್ತು, ತೆರೆದರೆ ಒಂದು ಅಕ್ಷರವೂ ಇರಲಿಲ್ಲ. ಯಾರೋ ಬೇಕಂತಲೇ ಖಾಲಿ ಮಾಡಿದ್ದರು.

“ಆ ಒಂದು ತುಂಡಿನ ಹೆಸರು ಹೊಸ್ತಿಲ ಅಂತ ಐತ್ರಿ,” ಎಂದೆ. “ಏನರ ಗೊತ್ತಾಗ್ತೈತೇನು?”

ಮಲಿಕಾಬಿ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. ಒಳಕೋಣೆಯ ಹೊಸ್ತಿಲನ್ನು ನೋಡಿದರು. ಸವೆದ ಕಟ್ಟಿಗೆಯ ಹೊಸ್ತಿಲು, ಅದರಲ್ಲಿ ವಿಶೇಷವೇನೂ ಇಲ್ಲ.

“ಅಲ್ಲೇ ಕುಂದರ್ತಿದ್ಲು,” ಎಂದರು. “ಮಗ್ಗದ ವಿದ್ಯಾ ಸೊಸಿಗೆ ಕಲಸ್ತೀವಿ ಅಕ್ಕೋರ, ಮಗಳಿಗೆ ಕಲಸೂದಿಲ್ಲ. ಮಗಳು ಇನ್ನೊಬ್ಬರ ಮನಿಗೆ ಹೋಗಾಕಿ, ವಿದ್ಯಾನೂ ಜೋಡಿ ಹೋಗತೈತಿ ಅಂತ ಹಿರ್ಯಾರು ಕಟ್ಟು ಮಾಡಿಟ್ಟಾರ. ನಮ್ಮತ್ತಿ ನನಗ ಕಲಿಸಿದ್ರು. ನನಗ ಗಂಡುಮಗನ ಇಲ್ಲ, ಸೊಸಿ ಎಲ್ಲಿಂದ ಬರಬೇಕು? ಆದ್ರೂ ಆಕೀನ್ನ ಮಗ್ಗಕ್ಕ ಕೂಡಿಸಲಿಲ್ಲ. ಆ ಹೊಸ್ತಿಲ ಮ್ಯಾಲೆ ಕುಂತು ನೋಡ್ತಿದ್ಲು, ಒಂದು ಎರಡು ಮೂರು ಅಂತ ಬೆರಳ ಮಡಚ್ತಿದ್ಲು. ಒಂದಿನ ಅಮ್ಮಿ, ನಾನೂ ಒಂದು ಸಾಲು ನೇಯ್ತೀನಿ ಅಂದ್ಲು. ಏಳು ಅಲ್ಲಿಂದ, ಇದು ನಿಂದಲ್ಲ ಅಂದೆ.” ಅವರು ಬಸಿಯನ್ನು ಇನ್ನಷ್ಟು ದೂರ ಸರಿಸಿದರು. “ಮರದಿನ ಮುಂಜಾನಿ ಅರ್ಧ ಚಾ ಬಿಟ್ಟು ಹೋದ್ಲು.”

ನಾನು ಪರದೆ ನೋಡಿದೆ. ಅವರ ಮುಖ ನೋಡುವ ಧೈರ್ಯವಿರಲಿಲ್ಲ.

‘ಹೊಸ್ತಿಲ’ದ ಕೋಡಿನಲ್ಲಿ ಒಂದು ವಿಚಿತ್ರ ನಿಯಮ ನನ್ನ ಕಣ್ಣಿಗೆ ಬಿದ್ದಿತ್ತು. ಗಿಳಿ ಇರಲಿ, ನವಿಲಿರಲಿ, ಪಗಡೆ ಹಾಸಿರಲಿ, ಪ್ರತಿ ಐದು ಸಾಲು ಆದಮೇಲೆ ಅದು ಒಂದು ಬಿಳಿ ಎಳೆ ಸೇರಿಸುತ್ತಿತ್ತು.

“ಚಾಚಿ, ಐದು ಸಾಲಿಗೊಂದು ಬಿಳಿ ಎಳಿ ಯಾಕ ಹಾಕ್ತೀರಿ?”

“ನಾ? ಇಲ್ಲವಾ. ನಾ ಹಂಗೇನೂ ಹಾಕೂದಿಲ್ಲ.”

“ಹಾಕ್ತೀರಿ ಆಪಾ,” ಎಂದಳು ಮುಮತಾಜ್ ಮೆಲ್ಲಗೆ. “ನಾ ಬಂದಾಗಿಂದ ನೋಡಾಕತ್ತೀನಿ. ಬೇಕಂತನ ಹಾಕ್ತೀರಿ ಅನ್ಕೊಂಡಿದ್ದೆ.”

ಮಲಿಕಾಬಿ ಎದ್ದು ಮಗ್ಗದ ಹತ್ತಿರ ಹೋದರು. ನೇಯ್ದ ಭಾಗದ ಮೇಲೆ ಉಗುರಿಟ್ಟು ಎಣಿಸುತ್ತ ಬಂದರು. ಐದು ಸಾಲು, ಒಂದು ಬಿಳಿ ಎಳೆ. ಐದು ಸಾಲು, ಒಂದು ಬಿಳಿ ಎಳೆ. ನೂಲಿನ ಒತ್ತಿನಲ್ಲಿ ಅದು ಕಂಡೂ ಕಾಣದಂತಿತ್ತು. ಅವರ ಬೆರಳು ಅಲ್ಲೇ ನಿಂತಿತು.

ನಂತರ ಅವರು ಮೇಲೆ ನೋಡಿದರು. ಮಗ್ಗದ ಪಕ್ಕದ ತೊಲೆಗೆ ಒಂದು ಕಬ್ಬಿಣದ ಬಳೆ ಇತ್ತು, ಏನೂ ತೂಗುಹಾಕದೆ ಖಾಲಿ ಇದ್ದದ್ದು.

“ತೊಟ್ಟಲಾ,” ಎಂದರು. “ಅಲ್ಲೇ ಕಟ್ಟಿದ್ದೆ. ಐದು ಸಾಲು ಆಗೂದ್ರಾಗ ತೊಟ್ಟಲಾ ನಿಂತು ಕೂಸು ಅಳತಿತ್ತು. ಬಲಗೈಲೆ ಹಗ್ಗಾ ಜಗ್ಗತಿದ್ದೆ. ಎಡಗೈ ಖಾಲಿ ಯಾಕ ಅಂತ ಕೈಗೆ ಸಿಕ್ಕ ಬಿಳಿ ನೂಲು ಹಾಯಿಸಿ ಬಿಡತಿದ್ದೆ. ಆಕಿ ತೊಟ್ಟಲಾ ಬಿಟ್ಟು ಇಪ್ಪತ್ತಾರು ವರ್ಷಾತು. ಕೈ ಇನ್ನೂ ತೂಗಾಕತ್ತೈತಿ ನೋಡ್ರಿ.”

ನನಗೆ ಅಳು ಬಂತು. ಪತ್ತೇದಾರಿಣಿಯರು ಅಳಬಾರದೆಂದು ಎಲ್ಲೂ ಬರೆದಿಲ್ಲ, ಸೆರಗಿನಿಂದ ಒರೆಸಿಕೊಂಡೆ. ತನ್ನನ್ನು ತೂಗುವಾಗ ತಾಯಿಯ ಕೈ ತಪ್ಪಿದ್ದನ್ನೇ ಆ ಹುಡುಗಿ ಹೊಸ್ತಿಲ ಮೇಲೆ ಕೂತು ಎಣಿಸಿ, ಇದೂ ವಿದ್ಯೆಯೆಂದು ಕಲಿತಿದ್ದಳು.

ಹೊರಗೆ ಕಾರು ನಿಂತಿತು.

ಹೇಮಂತ ಒಳಗೆ ಬಂದ. ಮೂವತ್ತರ ಆಸುಪಾಸಿನ, ಇಸ್ತ್ರಿ ಮುರಿಯದ ಅಂಗಿಯ ಹುಡುಗ, ಎಲ್ಲರಿಗೂ ನಮಸ್ಕಾರ ಮಾಡುವ ಪೈಕಿ. ಕಾಗದದ ಪ್ಯಾಡು ಅವನ ಕಂಕುಳಲ್ಲಿತ್ತು.

“ಚಾಚಿ, ಎಲ್ಲಾ ತಯಾರ್ ಮಾಡ್ಕೊಂಡು ಬಂದೀನ್ರಿ. ಒಂದು ಸಹಿ ಹಾಕಿದ್ರ ಮುಗೀತು.”

“ಕುಂದ್ರಪಾ,” ಎಂದೆ ನಾನು. “ಸಹಿಗೆ ಗಡಿಬಿಡಿ ಇಲ್ಲ. ಒಂದು ಸಣ್ಣ ಮಾತು ಕೇಳೂದೈತಿ. ಈ ಸಾಫ್ಟ್‌ವೇರ್ ಅಗದಿ ನೀನ ಬರದೀಯೇನು?”

“ಹೌದ್ರಿ ಮೇಡಂ. ಎಷ್ಟು ಸಲ ಹೇಳಬೇಕ್ರಿ?”

“ಹಂಗಾರ ಐದು ಸಾಲಿಗೊಂದು ಬಿಳಿ ಎಳಿ ಯಾಕ ಹಾಕೀದಿ?”

ಅವನು ಪ್ಯಾಡನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. “ಅದು… ಬಿಗಿ ಬರಲಿ ಅಂತ್ರಿ. ಜಮಖಾನಿ ಎಲ್ಲಾ ಹಂಗ ಇರತಾವ.”

“ಯಾವ ಜಮಖಾನಿ?” ಎಂದಳು ಮುಮತಾಜ್. “ಊರಾಗ ಇದ್ದ ಮಗ್ಗ ಎಲ್ಲಾ ನೋಡ್ಕೊಂಡು ಬಾ. ಈ ಮಗ್ಗ ಬಿಟ್ಟರ ಎಲ್ಲೂ ಇಲ್ಲ.”

ಹೇಮಂತ ನನ್ನ ಕಡೆ ನೋಡಿದ. ನಾನು ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದೆ.

“ನೀ ಲೈಸನ್ಸ್ ಫೈಲ್ ಖಾಲಿ ಮಾಡೀದಿ, ಛಲೋ. ಆದ್ರ ಯಂತ್ರಕ್ಕ ಒಂದು ಚಾಳಿ ಐತಿ, ನಿನಗೂ ಗೊತ್ತೈತಿ. ನೆಟ್ಟಿನಿಂದ ಏನರ ತಂದರ ಅದರ ಒಂದು ಪ್ರತಿ ತನ್ನ ಉಗ್ರಾಣದಾಗ ಬ್ಯಾರೇನ ಇಟಗೊಂಡಿರತೈತಿ, ಮತ್ತ ಬೇಕಾದ್ರ ಇರಲಿ ಅಂತ. ಅದನ್ನ ತಗೀತೀನಿ ಈಗ, ನೋಡು.”

ಅವನ ಮುಖದ ಬಣ್ಣ ಇಳಿಯಿತು. ಉಗ್ರಾಣದ ಮಾತು ಅವನಿಗೆ ಹೊಳೆದೇ ಇರಲಿಲ್ಲ.

ನಿಜ ಹೇಳಬೇಕೆಂದರೆ ಆ ಪ್ರತಿಯನ್ನು ನಾನೂ ಇನ್ನೂ ತೆರೆದಿರಲಿಲ್ಲ. ಅಲ್ಲಿಯೂ ಖಾಲಿ ಇದ್ದರೆ ನನ್ನ ಮಾನ ಹೋಗುತ್ತಿತ್ತು. ಆದರೂ ಕೀಲಿಯನ್ನು ಜೋರಾಗಿ ಒತ್ತಿದೆ.

ಮೊದಲು ಕೋಡ್ ಬಂತು. ಬಿಳಿ ಎಳೆಯ ನಿಯಮದ ತಲೆಯ ಮೇಲೆ, ಹೇಮಂತನ ಪ್ರತಿಯಲ್ಲಿ ಇಲ್ಲದ ಒಂದು ಸಾಲು ಟಿಪ್ಪಣಿ ಕನ್ನಡದಲ್ಲಿಯೇ ಇತ್ತು. ಓದಿ ಹೇಳಿದೆ:

“ಐದು ಸಾಲಿಗೊಂದು ಬಿಳಿ ಎಳಿ. ಯಾಕ ಗೊತ್ತಿಲ್ಲ. ಅಮ್ಮಿ ಹಾಕ್ತಾಳ.”

ಮಲಿಕಾಬಿ “ಇನ್ನೊಮ್ಮೆ ಓದ್ರಿ” ಎಂದರು. ಇನ್ನೊಮ್ಮೆ ಓದಿದೆ.

ಹೇಮಂತ ಪ್ಯಾಡನ್ನು ನೆಲದ ಮೇಲಿಟ್ಟು ಕೂತ. “ನೆಟ್ಟಿನ್ಯಾಗ ಫುಕಟ ಇತ್ತರಿ ಮೇಡಂ. ಬೇಕಾದವರು ತೊಗೋರಿ ಅಂತ ಬಿಟ್ಟಿದ್ದು. ತೊಗೊಂಡೆ. ಅದರಾಗ ತಪ್ಪೇನೈತಿ?”

“ತೊಗೊಂಡದ್ದು ತಪ್ಪಲ್ಲ. ಯಾವ ಲೈಸನ್ಸ್ ಅಂತ ಈ ಕೋಡಿನ ತಲೀ ಮ್ಯಾಲೇ ಐತಿ. ನೀ ಅದನ್ನ ಮಾರಬಹುದು, ಬದಲಿ ಮಾಡಬಹುದು, ಆಕಿನ ಹಂಗ ಬರದಾಳ. ಒಂದ ಒಂದು ಷರತ್ತು ಐತಿ. ಹೆಸರಿನ ಸಾಲು, ಲೈಸನ್ಸಿನ ಚೀಟಿ, ಎರಡೂ ಪ್ರತಿ ನಕಲಿನ ಜೋಡಿ ಹೋಗಬೇಕು. ಅಷ್ಟೂ ನಿನ್ನ ಕೈಲೆ ಆಗಲಿಲ್ಲ?”

“ಹೆಸರು ಇಟ್ಟರ ನಂದು ಅಂತ ಹ್ಯಾಂಗ ಹೇಳಬೇಕಿತ್ತರಿ?” ಎಂದ ಅವನು. ಆ ಮಾತಿನಲ್ಲಿ ಕಪಟವಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

“ಯಾರ ಹೆಸರೈತ್ರಿ?” ಎಂದು ಮಲಿಕಾಬಿ ಕೇಳಿದರು. “ಇರಮ್ ಅಂತ ಐತಲ್ಲ?”

ನಾನು ಉಗ್ರಾಣದ ಪ್ರತಿಯ ಲೈಸನ್ಸ್ ಫೈಲು ತೆರೆದೆ. ಇಂಗ್ಲಿಷಿನಲ್ಲಿ ಹದಿನೈದಿಪ್ಪತ್ತು ಸಾಲು. ಎಲ್ಲಕ್ಕೂ ಮೇಲೆ ಹಕ್ಕುದಾರರ ಸಾಲು. ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದೆ.

“ಇರಮ್ ಅಂತ ಇಲ್ಲ ಚಾಚಿ. ಮಲಿಕಾಬಿ, ನವಲಗುಂದ ಅಂತ ಐತಿ.”

“ನನ್ನ ಹೆಸರು ಯಾಕ?”

“ಇದು ಯಾರದು ಅಂತ ಬರಿಯೂ ಜಾಗಾ ಅದು.”

ಅವರು ಬಾಯಿಗೆ ಸೆರಗು ಹಿಡಿದರು. ನನಗೆ ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣೆದುರು ಬಂತು. ಇರಮ್ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು. “ಅಕ್ಕೋರ, ಒಬ್ಬರನ್ನ ನೋಡಿ ಕಲ್ತು ಏನರ ಮಾಡಿದ್ರ ಅದರ ಮ್ಯಾಲೆ ಯಾರ ಹೆಸರು ಬರೀಬೇಕ್ರಿ?” ಎಂದಿದ್ದಳು. ಪರೀಕ್ಷೆಯ ಅರ್ಜಿ ತುಂಬಿಸುವ ಗದ್ದಲದಲ್ಲಿದ್ದೆ. ನಾಳೆ ಬಾ ಎಂದೆ. ನಾಳೆ ಅವಳು ಊರಲ್ಲಿರಲಿಲ್ಲ. ಆ ಪ್ರಶ್ನೆಗೆ ನಾನು ಕೊಡದ ಉತ್ತರವನ್ನು ಅವಳೇ ಬರೆದುಕೊಂಡಿದ್ದಳು.

ಹೇಮಂತ ಕಾಗದವನ್ನು ಮಡಚಿ ಜೇಬಿಗಿಟ್ಟ. “ಲ್ಯಾಪ್‌ಟಾಪ್ ಇಲ್ಲೇ ಇರಲ್ರಿ ಚಾಚಿ. ಹೆಸರು ಹಾಕಿ ಬ್ಯಾರೇ ಕಾಗದ ತರ್ತೀನಿ.” ಬಾಗಿಲಲ್ಲಿ ನಿಂತು ಏನೋ ನೆನಪಾದವನಂತೆ ತಿರುಗಿದ. “ಮೇಡಂ, ನಾ ತೊಗೊಂಡದ್ದು ಹಳೇದ್ರಿ. ಮೊನ್ನೆ ನೋಡಿದ್ರ ನೆಟ್ಟಿನ್ಯಾಗ ಹೊಸಾದು ಬಂದಿತ್ತು. ಚಾಚಿ ಹೆಸರಲೆ ಬರದವರು ಯಾರೋ, ಇನ್ನೂ ಬರಿಯಾಕತ್ತಾರ.”

ಕಾರು ಹೋದ ಮೇಲೂ ಆ ಮಾತು ಕೋಣೆಯಲ್ಲೇ ಉಳಿಯಿತು.

“ಅಂದ್ರ ಆಕಿ ಅದಾಳ,” ಎಂದರು ಮಲಿಕಾಬಿ. ಆರು ವರ್ಷದಲ್ಲಿ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೈ ಸುಮ್ಮನಿರಲಾರದೆ ಮಗ್ಗಕ್ಕೆ ಹೋಗಿ ಕೂತರು. ಮುಮತಾಜ್ ಕೂಡ ಅವರ ಬಾಜು ಹೋಗಿ ಕೂತಳು. ಹೊಸ ಸಾಲು ಶುರುವಾಯಿತು.

ನಾನು ಫೋನಿನಿಂದ ನೆಟ್ಟು ಕೊಟ್ಟು ‘ಹೊಸ್ತಿಲ’ದ ಹೊಸ ಪ್ರತಿ ಇಳಿಸಿದೆ. ಎಂಟು ದಿನದ ಹಿಂದಿನದು. ಬರೆದವರ ವಿಳಾಸವಿಲ್ಲ, ಊರಿಲ್ಲ. ಲೈಸನ್ಸಿನಲ್ಲಿ ಅದೇ ಹೆಸರು. ಚಿತ್ತಾರಗಳ ಪಟ್ಟಿಯ ಕೊನೆಗೆ ಹೊಸದೊಂದು ಸೇರಿತ್ತು. ಬಿಡಿಸು ಎಂದೆ.

ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಲು ಏರತೊಡಗಿದವು. ಕೆಂಪು ಅಂಚು, ಎದುರುಬದುರು ಎರಡು ಗಿಳಿ, ನಡುವೆ ಪಗಡೆ ಹಾಸು ಇರಬೇಕಾದಲ್ಲಿ ಖಾಲಿ ಬಿಟ್ಟ ಹಸಿರು ಚೌಕ. ಗಿಳಿಯ ಕುತ್ತಿಗೆ ಬರುವಷ್ಟರಲ್ಲಿ ಚಿತ್ರ ನಿಂತಿತು. ತಲೆ ಬರಲಿಲ್ಲ. ಯಂತ್ರ ಕೆಟ್ಟಿತೆಂದು ಮತ್ತೊಮ್ಮೆ ಬಿಡಿಸಿದೆ. ಮತ್ತೆ ಕುತ್ತಿಗೆಗೇ ನಿಂತಿತು. ಕೋಡಿನಲ್ಲಿ ಇದ್ದದ್ದೇ ಅಷ್ಟು ಸಾಲು.

ತಲೆ ಎತ್ತಿ ಮಗ್ಗ ನೋಡಿದೆ.

ಕೆಂಪು ಅಂಚು. ಎರಡು ಗಿಳಿ. ನಡುವೆ ಖಾಲಿ ಹಸಿರು ಚೌಕ. ಮಲಿಕಾಬಿ ಇದೇ ಮೊದಲ ಸಲ ತಮ್ಮ ಮನಸ್ಸಿನಿಂದ ಹಾಕಿದ ಚಿತ್ತಾರ, ತಿಂಗಳಿಂದ ಮಗ್ಗದ ಮೇಲೇ ಇತ್ತು, ಸಂಘದವರಿಗೂ ತೋರಿಸಿರಲಿಲ್ಲ. ಈಗ ಗಿಳಿಗೆ ಕೊಕ್ಕು ಬಂದಿತ್ತು.

“ಚಾಚಿ, ಎಂಟು ದಿನದ ಹಿಂದ ಗಿಳಿ ಎಲ್ಲಿಮಟ ಬಂದಿತ್ರಿ?”

“ಕುತ್ತಿಗಿಮಟ,” ಎಂದರು ಅವರು. “ಯಾಕ?”

ನಾನು ಉತ್ತರ ಕೊಡುವ ಮೊದಲೇ ಮುಮತಾಜಳ ಪಂಜಾದ ಸಪ್ಪಳ ನಿಂತಿತು. ಈ ಮಗ್ಗವನ್ನು ದಿನಾ ನೋಡುವವರು ಇಬ್ಬರೇ. ಅವರಲ್ಲಿ ಫೋನಿನಿಂದ ಫೋಟೊ ತೆಗೆಯಲು ಬರುವವಳು ಒಬ್ಬಳೇ. ಒಂದು ವಾರ ನಾನು ಅವಳ ಕೈಯಿಂದ ಚಹಾ ಕುಡಿದಿದ್ದೆ, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮಲಿಕಾಬಿ ಪರದೆಯನ್ನು ನೋಡಿದರು. ಮಗ್ಗವನ್ನು ನೋಡಿದರು. ಅವರಿಗೂ ತಿಳಿಯಿತು. ಬೈಯುತ್ತಾರೆಂದು, ಮುಮತಾಜಳ ಜುಟ್ಟು ಹಿಡಿಯುತ್ತಾರೆಂದು ನಾನು ಎದ್ದು ನಿಂತೆ. ಅವರು ನೂಲು ಹಾಯಿಸುತ್ತಲೇ, ದಿನದ ದನಿಯಲ್ಲಿಯೇ ಕೇಳಿದರು:

“ಮುಮತಾಜ್, ಆಕಿ ಈಗೂ ಚಾಕ್ಕ ಸಕ್ರಿ ಕಡಿಮಿ ಹಾಕ್ಕೋತಾಳೇನು?”

ಮುಮತಾಜಳ ಕಣ್ಣಿಂದ ನೀರು ಇಳಿದು ನೂಲಿನ ಮೇಲೆ ಬಿತ್ತು.

“ಸಕ್ರಿ ಪೂರಾ ಬಿಟ್ಟಾಳ್ರಿ ಆಪಾ. ಡಾಕ್ಟರ್ ಬ್ಯಾಡ ಅಂದಾರ. ಹೊಟ್ಟೀಲೆ ಅದಾಳ, ಏಳು ತಿಂಗಳ ತುಂಬ್ಯಾವ.”

ಮಲಿಕಾಬಿಯವರ ಬಲಗೈ ತಾನಾಗಿಯೇ ಮೇಲೆದ್ದು, ಹಗ್ಗವಿಲ್ಲದ ಗಾಳಿಯಲ್ಲಿ ಒಂದು ಸಲ ಜಗ್ಗಿತು.

“ಎಲ್ಲಿ ಅದಾಳ?”

“ಹೇಳೂದಿಲ್ಲ ಅಂತ ಕುರಾನ್ ಮುಟ್ಟಿ ಮಾತು ಕೊಟ್ಟೀನಿ ಆಪಾ. ಅಮ್ಮಿ ತಾನಾಗಿ ಕೇಳೂಮಟ ಹೇಳಬ್ಯಾಡ ಅಂದಿದ್ಲು. ನೀವು ಆರು ವರ್ಷ ಆಕಿ ಎಲ್ಲಿ ಅಂತ ನನ್ನ ಕೇಳಲಿಲ್ಲ. ಈಗ ಕೇಳೀರಿ, ಹೇಳ್ತೀನಿ. ಆದ್ರ…” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ದಿನಾ ಮುಂಜಾನಿ ಫೋನ್ ಮಾಡತಿದ್ಲು. ನಿನ್ನಿ ಮಾಡಲಿಲ್ಲ. ಇವತ್ತು ಮಾಡಲಿಲ್ಲ. ನಾ ಹಚ್ಚಿದ್ರ ಯಾರೋ ಗಂಡಸರು ಎತ್ತಿದ್ರು. ಇರಮ್ ಅನ್ನೋರು ಇಲ್ಲಿ ಯಾರೂ ಇಲ್ಲ ಅಂದು ಇಟ್ಟಬಿಟ್ರು.”

ಮಲಿಕಾಬಿ ಪಂಜಾ ಕೆಳಗಿಟ್ಟರು. ಗೂಟದ ಮೇಲಿದ್ದ ಬುರ್ಖಾ ತೆಗೆದುಕೊಂಡರು. “ನಡಿ ಮುಮತಾಜ್, ಎಲ್ಲಿ ಅಂತ ದಾರ್ಯಾಗ ಹೇಳು.”

ಮಗ್ಗದ ಮೇಲೆ ಸಾಲು ಅರ್ಧಕ್ಕೇ ನಿಂತಿತ್ತು.